ಮೂರನೇ ಸಾಲಿನ ಸಾಹುಕಾರ

ನನ್ನ ಗಂಡ ಯೂಸುಫಸಾಬ ನನ್ನ ಮೇಲೆ ಒಂದು ಮಾತು ಕಟ್ಟಿಬಿಟ್ಟಿದ್ದಾನೆ: "ನಮ್ಮ ಮೈಮುನಾ ಹಾಲಿನಾಗ ನೀರು ಹುಡಕ್ತಾಳ, ನೀರಿನಾಗ ಹಾಲು ಹುಡಕ್ತಾಳ." ಹುಡುಕಿದಾಗಲೆಲ್ಲ ಸಿಕ್ಕಿದೆಯಲ್ಲ, ಅದನ್ನು ಮಾತ್ರ ಅವನು ಯಾರಿಗೂ ಹೇಳುವುದಿಲ್ಲ. ಬ್ಯಾಡಗಿಯ ಹೆಣ್ಣುಮಕ್ಕಳ ಜಂಪರ ಹೊಲಿದು ಹೊಲಿದು ನನ್ನ ಕಣ್ಣು ಸವೆದಿವೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರನ್ನು ದಿನಾ ನೋಡುವವಳು ನಾನು. ಯಾರು ಏನು ಮುಚ್ಚಿಡುತ್ತಿದ್ದಾರೆ ಎಂಬುದು ಟೇಪು ಕೈಗೆತ್ತಿಕೊಳ್ಳುವ ಮೊದಲೇ ನನಗೆ ಗೊತ್ತಾಗುತ್ತದೆ. ಹಾಗಾಗಿ ಎಂಬತ್ತಾರರ ಮೆಣಸಿನಕಾಯಿ ಸುಗ್ಗಿಯಲ್ಲಿ ಪಕ್ಕದ ಮನೆಯ ನೀಲಗಂಗವ್ವ ಹಿತ್ತಲ ಬಾಗಿಲಿನಿಂದ ಬಂದು, ನನ್ನ ಹೊಲಿಗೆ ಮಶಿನ್ನಿನ ಪಕ್ಕ ಕುಳಿತು, ಸುಮ್ಮನೆ ದಾರದ ಉಂಡೆ ತಿರುವತೊಡಗಿದಾಗ, ಇದು ಗಂಡನ ವಿಷಯವೇ ಎಂದುಕೊಂಡೆ.

ಆಕೆಯ ಗಂಡ ಕರಬಸಪ್ಪ ಪೇಟೆಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟ ಸಾಹುಕಾರ. ಆಗಿನ್ನೂ ಹಳಬರು ಟವೆಲ್ಲಿನ ಕೆಳಗೇ ದರ ಮಾಡುತ್ತಿದ್ದರು. ಇಬ್ಬರು ಕೈ ಕೂಡಿಸುವುದು, ಮೇಲೊಂದು ಟವೆಲ್ ಹಾಕುವುದು, ಒಳಗೆ ಬೆರಳು ಹಿಡಿದು ಬೆಲೆ ತಿಳಿಸುವುದು. ಬಾಯಿ ಬಿಡುವ ಹಾಗಿಲ್ಲ. ಆ ವಿದ್ಯೆಯಲ್ಲಿ ಕರಬಸಪ್ಪನನ್ನು ಮೀರಿಸುವವರಿರಲಿಲ್ಲ. ಹಳದಿ ರುಮಾಲು ಸುತ್ತಿ, ಮೀಸೆಯ ಅಡಿಯಲ್ಲಿ ಅರೆನಗೆ ಇಟ್ಟುಕೊಂಡು, ಎರಡು ಮಾತಾಡುವಲ್ಲಿ ಒಂದೂ ಆಡದೆ ಕೆಲಸ ಮುಗಿಸುವ ಮನುಷ್ಯ. ಮಾತು ಕಡಿಮೆ ಇರುವ ಗಂಡಸನ್ನು ಊರು ಗಂಭೀರ ಅನ್ನುತ್ತದೆ. ನನಗೆ ಮಾತ್ರ ಅಂಥವರ ಮೇಲೆ ಮೊದಲಿನಿಂದಲೂ ಒಂದು ಕಣ್ಣು.

"ಮೈಮುನಕ್ಕಾ, ನಮ್ಮ ಮನ್ಯಾಗಿನವರು ನನ್ನ ಕೈಬಿಟ್ಟು ಹೋದ್ರು," ಅಂದಳು ನೀಲಗಂಗವ್ವ.

"ಎಲ್ಲಿ ಹೋದ್ರು? ಮುಂಜಾನೆ ಅಂಗಡಿಗೆ ಹೊಂಟಿದ್ದು ನಾನ ನೋಡೇನಲ್ಲ."

"ಮೈ ಮನ್ಯಾಗ ಐತಿ. ಮನಸ್ಸು ರಾಣೆಬೆನ್ನೂರಾಗ ಐತಿ."

ರಾಣೆಬೆನ್ನೂರಿನಲ್ಲಿ ಆ ವರ್ಷ ಒಂದು ನಾಟಕ ಕಂಪನಿ ತಗಡಿನ ಥೇಟರು ಹೊಡೆದಿತ್ತು. ಅದರ ನಾಯಕಿ ತಾಜಬಿಯ ಹೆಸರು ಹೇಳಿದರೆ ಸಾಕು, ಹಾವೇರಿಯಿಂದಲೂ ಜನ ಬಸ್ಸು ತುಂಬಿಕೊಂಡು ಹೋಗುತ್ತಿದ್ದರು. ಕರಬಸಪ್ಪ ವಸೂಲಿಗೆ ಹೋಗುತ್ತೇನೆಂದು ಸಂಜೆ ಬಸ್ಸು ಹತ್ತಿ ಹೋಗಿ ಆ ಥೇಟರಿನ ಮೂರನೇ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂರುವುದನ್ನು ಅವರದೇ ಅಂಗಡಿಯ ತೂಕದ ಫಕ್ಕೀರೇಶ ನೋಡಿ ಬಂದಿದ್ದ. ನೋಡಿದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. "ಆಕಿ ಎಲ್ಲಾ ಮಾತೂ ನಮ್ಮ ಸಾಹುಕಾರ್ರ ಕಡೆ ತಿರುಗೇ ಹೇಳತಾಳ್ರಿ" ಎಂದು ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಮುಂದೆ ಹೇಳಿದ್ದ. ಆ ಹೆಂಗಸರ ಮುಂದೆ ಹೇಳಿದರೆ ಊರಿಗೆ ಡಂಗುರ ಸಾರಿದಂತೆಯೇ.

"ಮಂದಿ ಮಾತು ಬಿಡು. ನೀ ಏನ ನೋಡೀದಿ, ಅದನ್ನ ಹೇಳು," ಅಂದೆ.

ನೀಲಗಂಗವ್ವ ದಾರದ ಉಂಡೆ ಬಿಟ್ಟು ಸೆರಗಿನ ತುದಿ ಹಿಡಿದಳು. "ನಾ ಅಡಗಿ ಮನಿ ಬಾಗಲದಾಗ ನಿಂತು ಮಾತಾಡಿದ್ರ ಹೊಳ್ಳಿ ನೋಡೂದಿಲ್ಲ. ಎಲ್ಲಾದಕ್ಕೂ ಒಂದ ಮಾತು, 'ಹೂಂ, ಆಗ್ಲಿ.' ಮೊನ್ನೆ ಸಿಟ್ಟು ಬಂತು. 'ನಾ ತವರಿಗೆ ಹೋಗಿಬಿಡ್ಲೇನು?' ಅಂತ ಕೇಳಿದೆ. ಏನಂದ್ರು ಗೊತ್ತೇನು?"

"ಏನಂದ್ರು?"

"'ಹೂಂ, ಆಗ್ಲಿ' ಅಂದ್ರು, ಮೈಮುನಕ್ಕಾ. ರೊಟ್ಟಿ ಮುರಕೋತ ಅಂದ್ರು."

ಅಷ್ಟು ಹೇಳಿ ಅತ್ತಳು. ಕಟ್ಟಿಕೊಂಡ ಹೆಂಡತಿ ಹೋಗಲೇ ಎಂದು ಕೇಳಿದರೆ ರೊಟ್ಟಿ ಮುರಿಯುತ್ತ ಆಗ್ಲಿ ಅನ್ನುವವನನ್ನು ಏನೆಂದು ಕರೆಯಬೇಕು?

ಆಮೇಲೆ ಒಂದೊಂದಾಗಿ ಹೊರಬಂದವು. ಮನೆಯಲ್ಲಿದ್ದ ರೇಡಿಯೋ ಕಾಣೆಯಾಗಿತ್ತು. ಸಂಜೆಯಾದರೆ ಧಾರವಾಡ ಸ್ಟೇಶನ್ ಹಚ್ಚಿ ಪೇಟೆ ಧಾರಣಿ ಕೇಳುತ್ತಿದ್ದವನು ಅದನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಯಾರಿಗೆ ಎಂದು ಕೇಳಿದರೆ ಉತ್ತರವಿಲ್ಲ. ದೀಪಾವಳಿ ಆದ ಮೇಲೊಂದು ದಿನ ಹಾವೇರಿಗೆ ಹೋಗಿದ್ದ. ಅಲ್ಲಿ ವ್ಯಾಪಾರವೇನೂ ಇರಲಿಲ್ಲ. ದವಾಖಾನೆಯಿಂದ ಹೊರಗೆ ಬರುವುದನ್ನು ಅದೇ ಫಕ್ಕೀರೇಶ ಕಂಡಿದ್ದ. ಗಟ್ಟಿಮುಟ್ಟಾದ ಗಂಡಸು, ನೆಗಡಿ ಕೂಡ ಇಲ್ಲದವನು, ಮನೆಯಲ್ಲಿ ಒಂದು ಮಾತೂ ಹೇಳದೆ ದವಾಖಾನೆಗೆ ಯಾಕೆ ಹೋಗುತ್ತಾನೆ? ಯಾರನ್ನು ಕರೆದುಕೊಂಡು ಹೋಗುತ್ತಾನೆ? ಇಬ್ಬರ ತಲೆಯಲ್ಲಿಯೂ ಅದೇ ಓಡಿತು.

"ಇನ್ನೊಂದೈತಿ. ಹ್ಯಾಂಗ ಹೇಳ್ಲಿ?" ಎಂದಳು. "ಊಟಕ್ಕ ಬಡಸಾಕತ್ತಿದ್ದೆ. 'ಸೆರಗು ತಗಿ, ಮಾರಿ ಎತ್ತಿ ಮಾತಾಡು' ಅಂದ್ರು. ಅತ್ತಿ ಅಲ್ಲೇ ಕುಂತಿದ್ರು! ನನಗ ಭೂಮಿ ಬಾಯಿ ಬಿಡಬಾರದಾ ಅನಿಸ್ತು. ಆ ನಾಟಕದಾಕಿ ನಿಂತಂಗ ನಾನೂ ನಿಲ್ಲಬೇಕೇನು?"

ಆ ಮನೆಯ ರೀತಿ ನನಗೆ ಗೊತ್ತು. ಅತ್ತೆ ಶೇಖವ್ವ ಪಡಸಾಲೆಯಲ್ಲಿ ಇರುವ ತನಕ ಸೊಸೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿಲ್ಲ. ಗಂಡನೊಂದಿಗೆ ಮಾತಾಡಬೇಕಾದರೆ ಬಾಗಿಲ ಮರೆಯಲ್ಲಿ ನಿಂತು, ತಲೆಯ ಮೇಲಿನ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಗೋಡೆಗೋ ಒಲೆಗೋ ಹೇಳಿದಂತೆ ಹೇಳಬೇಕು. ನೀಲಗಂಗವ್ವ ಅದರಲ್ಲಿ ಎಷ್ಟು ಪಳಗಿದ್ದಳೆಂದರೆ, ಅವಳ ಹಲ್ಲು ಎಷ್ಟು ಚಂದ ಇದ್ದವೆಂದು ನನ್ನಂಥ ನೆರೆಮನೆಯವಳಿಗೆ ಮಾತ್ರ ಗೊತ್ತಿತ್ತು. ಅಂಥವಳಿಗೆ ಸೆರಗು ತೆಗೆ ಎಂದರೆ, ಬಯ್ದದ್ದಕ್ಕಿಂತ ಹೆಚ್ಚು.

ತುಂಡುಗಳೆಲ್ಲ ಒಂದಕ್ಕೊಂದು ಕೂಡಿದವು. ಬಟ್ಟೆಯ ಎಲ್ಲ ತುಂಡೂ ಹೀಗೆ ತಾವಾಗಿ ಕೂಡಿದರೆ ಕತ್ತರಿಸಿದವನು ಎಲ್ಲೋ ತಪ್ಪಿದ್ದಾನೆಂದು ಯೂಸುಫಸಾಬ ಹೇಳುವುದುಂಟು. ಆ ದಿನ ಅದು ನೆನಪಾಗಲಿಲ್ಲ.

ನೀಲಗಂಗವ್ವ ಆಗಲೇ ಮೋಟೆಬೆನ್ನೂರಿನ ತವರಿಗೆ ಹೇಳಿಕಳಿಸಿದ್ದಳು. ಅಣ್ಣ ಶೇಖಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಸೋಮವಾರ ಬರುವವನಿದ್ದ. ಮಾತು ಖರೇ ಎಂದಾದರೆ ತಂಗಿಯನ್ನು ಅಂದೇ ಕರೆದುಕೊಂಡು ಹೋಗುವವನು. ಶೇಖಪ್ಪ ಒಮ್ಮೆ ಕರೆದುಕೊಂಡು ಹೋದರೆ ಮತ್ತೆ ಕಳಿಸುವ ಕುಳವಲ್ಲ.

"ಅದರೊಳಗ ನಾ ಒಮ್ಮೆ ಕಣ್ಣಾರೆ ನೋಡಬೇಕು," ಎಂದಳು. "ನೀ ಬರ್ತಿ?"

ನನ್ನನ್ನು ಕೇಳಬೇಕೆ? ಅಷ್ಟರಲ್ಲೇ ಅವಳು ಒಮ್ಮೆ ನನ್ನ ಮುಖ ನೋಡಿ, "ಆಕಿ ನಿಮ್ಮ ಪೈಕಿ ಆಕಿ ಅಂತ ಮತ್ತ ನೀ ಆಕಿ ಕಡೆ ಮಾತಾಡಬ್ಯಾಡ," ಎಂದಳು. ಸಂಶಯ ಎಂಬುದು ಮೆಣಸಿನ ಘಾಟಿದ್ದಂತೆ, ಒಮ್ಮೆ ಎದ್ದಿತೆಂದರೆ ಯಾರ ಮೂಗನ್ನೂ ಬಿಡುವುದಿಲ್ಲ. "ನಾ ಯಾರ ಕಡೆನೂ ಅಲ್ಲವಾ, ಖರೇದ್ದರ ಕಡೆ," ಅಂದೆ.

ಶನಿವಾರ ಕದರಮಂಡಲಗಿಯ ಹಣಮಪ್ಪನಿಗೆ ಕಾಯಿ ಒಡೆಸಿ, ಹಾಗೇ ರಾಣೆಬೆನ್ನೂರಿನ ನನ್ನ ಅಕ್ಕನ ಮನೆಗೆ ಹೋಗಿ ಬರುತ್ತೇವೆಂದು ಅತ್ತೆಗೆ ಹೇಳಿ ಹೊರಟೆವು. ದೇವರ ಹೆಸರಿನಲ್ಲಿ ಸುಳ್ಳು ಬೇಡವೆಂದು ಕಾಯಿಯನ್ನು ಖರೇ ಒಡೆಸಿದೆವು. ನೀಲಗಂಗವ್ವ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಸಂಜೆ ಆಟದ ಹೊತ್ತಿಗೆ ರಾಣೆಬೆನ್ನೂರು ಮುಟ್ಟಿ, ಹೆಂಗಸರ ಬದಿಯ ಬೆಂಚಿನಲ್ಲಿ ಕಂಬದ ಮರೆ ನೋಡಿ ಕುಳಿತೆವು. ಗಂಡಸರಿಗೂ ನಮಗೂ ನಡುವೆ ಹಗ್ಗ ಕಟ್ಟಿ ಹಳೆಯ ಪರದೆಯೊಂದನ್ನು ಇಳಿಬಿಟ್ಟಿದ್ದರು. ಅದರಲ್ಲಿ ನೋಡುವಷ್ಟು ಹರಕು ಇತ್ತು.

ಮೂರನೇ ಸಾಲು, ಮೂಲೆಯ ಕುರ್ಚಿ, ಹಳದಿ ರುಮಾಲು. ಫಕ್ಕೀರೇಶ ಸುಳ್ಳು ಹೇಳಿರಲಿಲ್ಲ.

ತಾಜಬಿ ಚೆಲುವೆಯೇನಲ್ಲ. ಬಣ್ಣ ಹಚ್ಚಿದರೂ ಕಪ್ಪು ಕಾಣುತ್ತಿತ್ತು. ದೊಡ್ಡ ಬಾಯಿ, ಗಂಡಸಿನಂಥ ಹೆಗಲು. ನಾನು ಮನಸ್ಸಿನಲ್ಲೇ ಅಳತೆ ಹಾಕಿ ಅರ್ಧ ಗೆದ್ದೆವು ಅಂದುಕೊಂಡೆ. ಅವಳು ಮಾತಾಡಲು ಶುರುಮಾಡಿದ ಮೇಲೆ ಆ ಲೆಕ್ಕ ಕೆಟ್ಟಿತು. ಜಿಪುಣ ಮಾವನನ್ನು ಹದಕ್ಕೆ ತರುವ ಕಿರಿಸೊಸೆಯ ಪಾತ್ರ. ಮಾವನ ಪಾತ್ರದವನು ಬಾಯಿ ಮುಚ್ಚುವಂಥ ದಪ್ಪ ಮೀಸೆ ಅಂಟಿಸಿಕೊಂಡು ಒಳ್ಳೆಯ ಕಂಠದಲ್ಲಿ ಗುಡುಗುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು, ಆದರೆ ಮರ್ಯಾದೆಗೆ. ತಾಜಬಿ ಬಂದರೆ ಇಡೀ ಥೇಟರು ಮುಂದಕ್ಕೆ ಬಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಕಟಕಟ ಶೇಂಗಾ ತಿನ್ನುತ್ತಿದ್ದ. ಅವಳು ಮಾತಿನ ನಡುವೆ ತಟ್ಟನೆ ನಿಂತು, ಕಿವಿಗೊಟ್ಟು, "ಮಾವಾರ, ನಮ್ಮ ಮನ್ಯಾಗ ಯಾವುದೋ ಇಲಿ ಶೇಂಗಾ ಕಡ್ಯಾಕತ್ತೈತಿ. ಕೇಳಸ್ತೇನ್ರಿ?" ಎಂದಳು. ಜನ ಬಿದ್ದುಬಿದ್ದು ನಕ್ಕರು. ಶೇಂಗಾ ತಿನ್ನುವವನೂ ನಕ್ಕ, ಪೊಟ್ಟಣ ಜೇಬಿಗಿಳಿಸಿದ. ಬಯ್ಸಿಕೊಂಡವನು ಹಿಗ್ಗುವುದನ್ನು ನಾನು ಅಂದೇ ನೋಡಿದ್ದು.

ಕರಬಸಪ್ಪ ಮಾತ್ರ ಮಾವ ಗುಡುಗುವಾಗ ಕಲ್ಲಿನ ಹಾಗೆ ಕೂತಿರುತ್ತಿದ್ದ. ತಾಜಬಿ ಎಡಕ್ಕಿದ್ದವಳು ಬಲಕ್ಕೆ ಬಂದು, ಅವನ ಮೂಲೆಗೆ ಮುಖ ಕೊಟ್ಟು, ಒಂದೊಂದು ಅಕ್ಷರವನ್ನೂ ಬಾಯಿ ತುಂಬ ಆಡುತ್ತಿದ್ದಳು. ಆಗ ಅವನ ಮುಖ ಅರಳುತ್ತಿತ್ತು. ಹೊಟ್ಟೆ ಕುಣಿಯುವ ಹಾಗೆ ನಗುತ್ತಿದ್ದ. ಅವನಿಗೆ ಅಷ್ಟು ದೊಡ್ಡ ನಗೆ ಇದೆಯೆಂದೇ ನಮ್ಮ ಓಣಿಗೆ ಗೊತ್ತಿರಲಿಲ್ಲ.

"ನೋಡಿದೇನಕ್ಕಾ," ಎಂದಳು ನೀಲಗಂಗವ್ವ. "ನಾ ಲಗ್ನಾದಾಗಿಂದ ಈ ನಗಿ ನೋಡಿಲ್ಲ."

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಾದೊಡನೆ ಸೀಟಿ, ಕೂಗು. ಮೀಸೆಯವನು ಗಟ್ಟಿ ಗಂಟಲಿನಲ್ಲಿ ಮಾತು ಮುಂದುವರಿಸಿದ. ದನಿ ಕೇಳಿ ಜನ ತಣ್ಣಗಾದರು. ರಂಗದ ಮೇಲೆ ದೇವರ ಮುಂದೆಂದು ಇಟ್ಟಿದ್ದ ಹಿತ್ತಾಳೆ ದೀಪವೊಂದು ಖರೇ ಉರಿಯುತ್ತಿತ್ತು. ತಾಜಬಿ ಅದನ್ನು ಎತ್ತಿಕೊಂಡಳು. ಎತ್ತಿಕೊಂಡು ನೇರ ಬಲಬದಿಯ ಅಂಚಿಗೆ ಬಂದು, ದೀಪವನ್ನು ತನ್ನ ಗಲ್ಲದ ಹತ್ತಿರ ಹಿಡಿದು, ತನ್ನ ಮಾತನ್ನು ಮೂರನೇ ಸಾಲಿನ ಮೂಲೆಗೆ ಹೇಳಿದಳು. ಸಾವಿರ ಜನರನ್ನು ಕತ್ತಲಲ್ಲಿ ಕೂರಿಸಿ ಒಬ್ಬನಿಗೆ ತನ್ನ ಮುಖ ತೋರಿಸಿದಳು. ಯಾರೋ ಹಿಂದಿನಿಂದ "ಸಾಹುಕಾರ್ರಿಗೆ ಆರತಿ!" ಎಂದು ಕೂಗಿದರು. ಜನ ಹೋ ಎಂದರು. ನನ್ನ ಪಕ್ಕದಲ್ಲಿ ನೀಲಗಂಗವ್ವ ಎದ್ದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು.

ಪೆಟ್ರೋಮ್ಯಾಕ್ಸು ಬಂದು, ಅಂಕ ಮುಗಿದು, ಪರದೆ ಬಿದ್ದದ್ದೇ ತಡ, ಅವಳು ಹೊರಬಿದ್ದಳು. ನಾನು ಹಿಂದೆ ಓಡಿದೆ. ಬಣ್ಣದ ಮನೆಯ ಬಾಗಿಲಲ್ಲಿ ಇದ್ದವನು "ಯಾರು ನೀವು?" ಎನ್ನುವಷ್ಟರಲ್ಲಿ ಒಳಗಿದ್ದೆವು.

ತಾಜಬಿ ಸಂದೂಕದ ಮೇಲೆ ಕುಳಿತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದಳು. ನಾನು ಮೊದಲು ನೋಡಿದ್ದು ಅವಳ ಹೊಟ್ಟೆಯನ್ನು. ಏನೂ ಇರಲಿಲ್ಲ. ರೇಡಿಯೋಕ್ಕಾಗಿ ಸುತ್ತ ಕಣ್ಣಾಡಿಸಿದೆ. ಅದೂ ಇರಲಿಲ್ಲ.

"ನನ್ನ ಗಂಡನ್ನ ಬಿಟ್ಟುಬಿಡು," ಅಂದಳು ನೀಲಗಂಗವ್ವ. ಸೆರಗು ಬಾಯಿಗೆ ಅಡ್ಡವಿತ್ತು. ಸಿಟ್ಟಿನಲ್ಲೂ ಅವಳಿಗೆ ಅದು ಮರೆಯುವುದಿಲ್ಲ.

"ಏನಂದಿ? ಸೆರಗು ತಗದು ಹೇಳವಾ, ಇಲ್ಲಿ ಯಾರೂ ಗಂಡಸರಿಲ್ಲ."

"ನೀನೂ ಅದನ್ನ ಹೇಳ್ತೀ ಏನು! ಇಬ್ಬರದ್ದೂ ಒಂದ ಪಾಠ. ಮೂರನೇ ಸಾಲಿನಾಗ ಕುಂದ್ರಾಂವ, ಹಳದಿ ರುಮಾಲಿನಾಂವ, ನನ್ನ ಗಂಡ ಅದಾನ."

ತಾಜಬಿ ಬಸಿ ಕೆಳಗಿಟ್ಟಳು. ಹೆದರಿದವಳ ಹಾಗೆ ಕಾಣಲಿಲ್ಲ. "ಆ ಸಾಹುಕಾರ್ರೇನು? ನೀ ಅವರ ಹೇಂತಿ?" ಎಂದು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹಂಗಾದ್ರ ನೀನ ಹೇಳು. ಅವರಿಗೆ ಎಂದಿನಿಂದ ಕಿವಿ ಕೇಳಸೂದಿಲ್ಲ?"

ನೀಲಗಂಗವ್ವನ ಬದಲು ನಾನೇ, "ಯಾರಿಗೆ ಕಿವಿ ಕೇಳಸೂದಿಲ್ಲ? ಪ್ಯಾಟ್ಯಾಗ ಅವರಷ್ಟು ಹುಷಾರ ಮನಶ್ಯಾ ಯಾರೂ ಇಲ್ಲ," ಅಂದೆ.

"ಆಪಾ, ನನಗೊಂದು ಕೆಟ್ಟ ಗುಣ ಐತಿ. ಥೇಟರ ತುಂಬ ಮಂದಿ ನಕ್ಕರೂ ನನ್ನ ಕಣ್ಣಿಗೆ ಬೀಳೂದಿಲ್ಲ. ನಗಲಾರದಾಂವ ಒಬ್ಬ ಕುಂತಿದ್ದ ಅಂದ್ರ ಅವನ ಮಾರೀನ ಕಾಣತೈತಿ. ಅವನ್ನ ನಗಸೂತನಕ ನನಗ ಉಂಡದ್ದು ಸೇರೂದಿಲ್ಲ. ಇದು ಪ್ರೀತಿ ಅಲ್ಲ, ಹಟ. ಇದರ ಸಂಬಂಧ ಮೂರು ಕಂಪನಿ ಬಿಟ್ಟೇನಿ. ಕೂಡ ಪಾರ್ಟು ಮಾಡವರಿಗೆ ನನ್ನ ಕಂಡ್ರ ಆಗೂದಿಲ್ಲ." ಅವಳು ಮುಖದ ಬೆವರು ಒತ್ತಿಕೊಂಡಳು. "ಈ ಸಾಹುಕಾರ ಬಂದ ಮೊದಲನೇ ದಿನ ಕಲ್ಲಾಗಿ ಕುಂತಿದ್ರು. ಸೊಕ್ಕು ಅಂದ್ಕೊಂಡೆ. ನಿನ್ನ ನಗಸಲಿಲ್ಲಂದ್ರ ನಾ ತಾಜಬಿ ಅಲ್ಲ ಅಂತ ಅವರ ಕಡೇನ ತಿರುಗಿ ತಿರುಗಿ ಹೇಳಿದೆ. ನಕ್ಕರು. ಆ ಕಡೆ ತಿರುಗಿ ಹೇಳಿದೆ, ಮತ್ತ ಕಲ್ಲು. ಆಮ್ಯಾಲ ಗೊತ್ತಾತು. ಗಂಡಸರು ನಮ್ಮನ್ನ ಎಲ್ಲೆಲ್ಲೆ ನೋಡತಾರ ಅಂತ ನಮಗ ಗೊತ್ತಿರ್ತೈತಿ, ಅದು ನಮ್ಮ ಕಸುಬು. ಈ ಮನಶ್ಯಾ ಬರೇ ಬಾಯಿ ನೋಡತಾರ. ಬಾಯಿ ನೋಡಿ ಮಾತು ತಿಳಕೋತಾರ."

"ಸುಳ್ಳು," ಎಂದಳು ನೀಲಗಂಗವ್ವ. "ಗಂಡನ ಕಿವಿ ಕೇಳಸೂದಿಲ್ಲಂದ್ರ ಹೇಂತಿಗೆ ಗೊತ್ತಾಗೂದಿಲ್ಲೇನು?"

ನನಗೂ ಸುಳ್ಳೆಂದೇ ಅನಿಸಿತು. ದಿನಾ ಬಣ್ಣ ಹಚ್ಚಿಕೊಂಡು ಸುಳ್ಳನ್ನು ಖರೇ ಎಂದು ನಂಬಿಸುವವಳು, ಇಬ್ಬರು ಹೆಂಗಸರನ್ನು ನಂಬಿಸುವುದು ಯಾವ ದೊಡ್ಡ ಮಾತು?

ತಾಜಬಿಗೆ ಸಿಟ್ಟು ಬಂತು. ಅವಳನ್ನು ಕೆಟ್ಟವಳೆಂದದ್ದಕ್ಕೆ ಬಾರದ ಸಿಟ್ಟು ಸುಳ್ಳುಗಾರ್ತಿ ಎಂದದ್ದಕ್ಕೆ ಬಂತು. "ಹೋಗಿ ಕುಂದ್ರಿ," ಎಂದಳು. "ಮುಂದಿನ ಸೀನಿನಾಗ ಮಾವಗ ಹೋಳಿಗಿ ಬಡಸೂ ಮಾತೈತಿ. ಇಡೀ ನಾಟಕದಾಗ ಮಂದಿ ಅದಕ್ಕ ಜಾಸ್ತಿ ನಗತಾರ. ಇವತ್ತ ಅವರಿಗೆ ಬೆನ್ನು ಕೊಟ್ಟು ಹೇಳತೇನಿ. ನನ್ನ ನೋಡಬ್ಯಾಡ್ರಿ. ಅವರ ಮಾರಿ ನೋಡ್ರಿ."

ಹೋಗಿ ಕುಳಿತೆವು. ಕರೆಂಟು ಬಂದಿತ್ತು. ಕರಬಸಪ್ಪ ಚಹಾ ಕುಡಿದು ಬಂದು, ರುಮಾಲು ಸರಿಮಾಡಿಕೊಂಡು, ಹಬ್ಬದೂಟಕ್ಕೆ ಕುಳಿತವನ ಹಾಗೆ ಮುಂದಕ್ಕೆ ಬಾಗಿ ಕುಳಿತಿದ್ದ. ಹೋಳಿಗೆಯ ಸೀನು ಬಂತು. ತಾಜಬಿ ಎಂದಿನಂತೆ ಬಲಕ್ಕೆ ಬಂದಳು. ಅವನು ಆಗಲೇ ಅರ್ಧ ನಗುತ್ತ ಕಾದಿದ್ದ. ಅವಳು ತಟ್ಟನೆ ಬೆನ್ನು ತಿರುಗಿಸಿದಳು. ಏನು ಹೇಳಿದಳೋ ನಾನು ಕೇಳಿಸಿಕೊಳ್ಳಲಿಲ್ಲ, ಪರದೆಯ ಹರಕಿನಲ್ಲಿ ಅವನ ಮುಖವನ್ನೇ ನೋಡುತ್ತಿದ್ದೆ. ತಗಡು ಹಾರಿಹೋಗುವ ಹಾಗೆ ಜನ ನಕ್ಕರು.

ಅವನು ನಗಲಿಲ್ಲ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಪಕ್ಕದವನ ಹಲ್ಲು ಕಂಡು ತಾನೂ ಹಲ್ಲು ಬಿಟ್ಟ. ಅಷ್ಟರಲ್ಲಿ ಉಳಿದವರ ನಗೆ ನಿಂತಿತ್ತು. ಅವನದೊಂದೇ ನಗೆ ಸ್ವಲ್ಪ ಹೊತ್ತು ಕೇಳಿಸಿತು. ಜನ ತಿರುಗಿ ನೋಡಿದರು. ಅವನು ರುಮಾಲಿನ ತುದಿಯಿಂದ ಬಾಯಿ ಒರೆಸಿಕೊಂಡು ತಲೆ ತಗ್ಗಿಸಿದ. ಸಂತೆಯಲ್ಲಿ ತಾಯಿಯ ಕೈ ತಪ್ಪಿದ ಕೂಸಿಗೆ ಇರುತ್ತದಲ್ಲ, ಅಂಥ ಹೆದರಿಕೆ ಆ ಮುಖದಲ್ಲಿತ್ತು. ಪೇಟೆಯ ಕರಬಸಪ್ಪನ ಮುಖದಲ್ಲಿ.

ತಾಜಬಿಗೂ ತಡೆಯಲಾಗಲಿಲ್ಲವೇನೋ. ಗರಕ್ಕನೆ ತಿರುಗಿ, "ಮಾವಾರಿಗೆ ಕೇಳಸಲಿಲ್ಲ ಕಾಣತೈತಿ, ಇನ್ನೊಮ್ಮೆ ಹೇಳತೇನಿ," ಎಂದು ಅದೇ ಮಾತನ್ನು ಅವನ ಕಡೆ ಮುಖಮಾಡಿ, ಬಾಯಿ ತುಂಬ ಮತ್ತೆ ಆಡಿದಳು. ಜನ ಮತ್ತೆ ನಕ್ಕರು. ಈ ಸಲ ಅವನೂ ಅವರ ಜೊತೆಯಲ್ಲೇ ನಕ್ಕ.

ನೀಲಗಂಗವ್ವ ನನ್ನ ಕೈ ಹಿಡಿದಳು. ಎಷ್ಟು ಗಟ್ಟಿಯಾಗಿ ಎಂದರೆ ಬಳೆ ಒತ್ತಿ ಗಾಯವಾಯಿತು.

ಅಕ್ಕನ ಮನೆಗೆ ಹೋಗುವ ಆಟೋದಲ್ಲಿ ನನಗೆ ಬಾಯಿ ಸುಮ್ಮನಿರಲಿಲ್ಲ. "ಕಿವಿ ಕೇಳಸೂದಿಲ್ಲಂದ್ರ ಗಂಡಸಿಗೆ ಕಣ್ಣು ಕಾಣಸೂದಿಲ್ಲಂತೇನಿಲ್ಲ," ಅಂದೆ. ಇವತ್ತಿಗೂ ಆ ಮಾತನ್ನು ನಾನು ಪೂರ್ತಿ ವಾಪಸ್ಸು ತಗೊಂಡಿಲ್ಲ. ನೀಲಗಂಗವ್ವ ಅದನ್ನು ಕೇಳಿಸಿಕೊಂಡ ಹಾಗೆಯೇ ಕಾಣಲಿಲ್ಲ. "ಹಾವೇರಿಗೆ ಕಿವಿ ತೋರಸಾಕ ಹೋಗಿದ್ರು," ಎಂದಳು. ಮತ್ತೆ, "ಕೇಳಸಲಾರದ ರೇಡಿಯೋ ಮನ್ಯಾಗ ಯಾಕ ಇಟ್ಟಕೋಬೇಕು," ಎಂದಳು. ಆಮೇಲೆ ಇಡೀ ದಾರಿ ಅತ್ತಳು. "ನನಗ ಒಂದು ಮಾತು ಹೇಳಬಾರದಾಗಿತ್ತೇನಕ್ಕಾ?"

ಯಾರಿಗೆ ಹೇಳುತ್ತಾನೆ? ದಲಾಲಿಗೆ ಕಿವುಡು ಎಂದು ಪೇಟೆಯಲ್ಲಿ ತಿಳಿದರೆ ಮರುದಿನದಿಂದ ಎಲ್ಲರೂ ಅವನ ಬೆನ್ನ ಹಿಂದೆ ದರ ಮಾಡುತ್ತಾರೆ. ಅಂಗಡಿಯಲ್ಲಿ ಘಾಟಿಗೆ ಎಲ್ಲರ ಬಾಯಿಗೂ ಬಟ್ಟೆ. ಮನೆಯಲ್ಲಿ ಹೆಂಡತಿಯ ಬಾಯಿಗೆ ಸೆರಗು. ಬಾಯಿ ಬಿಟ್ಟು, ಎದುರು ನಿಂತು, ದೀಪ ಹಿಡಿದು ಅವನೊಡನೆ ಮಾತಾಡಿದವಳು ಊರಲ್ಲೆಲ್ಲ ಅವಳೊಬ್ಬಳೇ ಆದಳು. ಅವಳು ಆಡಿದ್ದು ಅವನಿಗಾಗಿ ಅಲ್ಲ, ತನ್ನ ಹಟಕ್ಕಾಗಿ. ಆದರೂ ಅವನಿಗೆ ಅದು ಸಿಕ್ಕಿತು.

ಸೋಮವಾರ ಶೇಖಪ್ಪ ಇಬ್ಬರು ಹಿರಿಯರೊಂದಿಗೆ ಬಂದ. ಬರಬೇಡವೆಂದು ಹೇಳಿಕಳಿಸಲು ಹೊತ್ತಿರಲಿಲ್ಲ. ಸಾಕ್ಷಿಗೆಂದು ನನ್ನನ್ನೂ ಕರೆದಿದ್ದರು, ಪಡಸಾಲೆಯ ಹೊಸ್ತಿಲ ಬಳಿ ಕುಳಿತೆ. ಅಂಗಳದಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿದ್ದರು. ಮೋಟೆಬೆನ್ನೂರಿನವರಿಗೆ ಆ ಘಾಟು ತಡೆಯದೆ ಮೂವರೂ ಟವೆಲ್ಲನ್ನು ಮೂಗು ಬಾಯಿಗೆ ಒತ್ತಿಕೊಂಡೇ ಕುಳಿತರು. ಶೇಖವ್ವ ಗೋಡೆಗೊರಗಿ ಕುಳಿತಿದ್ದಳು. ನೀಲಗಂಗವ್ವ ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದಳು. ಕರಬಸಪ್ಪ ಅರೆನಗೆ ಇಟ್ಟುಕೊಂಡು ಒಬ್ಬೊಬ್ಬರ ಕಣ್ಣನ್ನೂ ನೋಡುತ್ತಿದ್ದ. ನನಗೆ ಈಗ ಆ ಅರೆನಗೆಯ ಅರ್ಥ ಗೊತ್ತಿತ್ತು.

ಶೇಖಪ್ಪ ಟವೆಲ್ಲಿನೊಳಗಿಂದಲೇ ಕೇಳಿದ. "ಮಾವಾರ, ಸುತ್ತಿ ಬಳಸಿ ಮಾತಾಡೂದು ನಮಗ ಗೊತ್ತಿಲ್ರಿ. ಆ ನಾಟಕದಾಕಿಗೂ ನಿಮಗೂ ಸಂಬಂಧ ಐತಿ ಅಂತ ಊರೆಲ್ಲಾ ಅನ್ನಾಕ ಹತ್ಯಾರ. ಖರೇ ಏನು? ಖರೇ ಇದ್ರ ತಂಗೀನ್ನ ಇವತ್ತ ಕರಕೊಂಡು ಹೋಗತೇವಿ."

ಕರಬಸಪ್ಪ ತಲೆಯಾಡಿಸಿದ. "ಹೂಂ, ಆಗ್ಲಿ," ಎಂದ. ಮತ್ತೆ ಮರ್ಯಾದೆಗೆ, "ಊಟ ಮಾಡಿಕೊಂಡ ಹೋಗ್ರಿ," ಎಂದ.

ಶೇಖವ್ವ ಎದೆ ಎದೆ ಬಡಿದುಕೊಂಡಳು. ಶೇಖಪ್ಪ ಎದ್ದುನಿಂತ, ಕುತ್ತಿಗೆಯ ನರ ಉಬ್ಬಿತ್ತು. ಏನೋ ಕೆಟ್ಟದ್ದಾಯಿತೆಂದು ಕರಬಸಪ್ಪನಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಥೇಟರಿನಲ್ಲಿ ನೋಡಿದ ಹಾಗೆಯೇ.

ಆಗ ನೀಲಗಂಗವ್ವ ಹೊಸ್ತಿಲು ದಾಟಿದಳು. ಅಣ್ಣ, ಹಿರಿಯರು, ಅತ್ತೆ ಎಲ್ಲರ ಮುಂದೆ ನಡುಪಡಸಾಲೆಗೆ ಬಂದು, ತಲೆಯ ಮೇಲಿನ ಸೆರಗನ್ನು ಹೆಗಲಿಗಿಳಿಸಿ, ಗಂಡನ ಎದುರಿಗೆ ಕುಳಿತಳು. ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ. ಮುಖ ಎತ್ತಿದಳು.

"ಏ, ಯಾರ ಮುಂದ ಹ್ಯಾಂಗ ಕುಂತೀದಿ? ಸೆರಗು ಹೊಚ್ಚಿಕೋ! ನೀನೂ ನಾಟಕದಾಕಿ ಆದೇನು?" ಎಂದು ಶೇಖವ್ವ ಕೂಗಿದಳು.

ನೀಲಗಂಗವ್ವ ತಿರುಗಿ ನೋಡಲಿಲ್ಲ. ಒಂದೊಂದೇ ಮಾತನ್ನು ಬಾಯಿ ತುಂಬ ಆಡಿದಳು. "ನಾ, ತವರಿಗೆ, ಹೋಗಿಬಿಡ್ಲೇನು?"

ಅವನ ಕಣ್ಣು ಅವಳ ಬಾಯಿಯ ಮೇಲೆ ನಿಂತವು. ಮುಖದ ಅರೆನಗೆ ಇಳಿದುಹೋಯಿತು.

"ಬ್ಯಾಡ," ಎಂದ. "ಯಾಕ? ಯಾಕ ಹೋಗ್ತಿ?" ಆಮೇಲೆ ಏನೋ ಹೊಳೆದವನ ಹಾಗೆ ಮೆಲ್ಲಗೆ ಕೇಳಿದ, "ಇದನ್ನ ನೀ ಮೊದಲೂ ಕೇಳಿದ್ದೇನು?"

ಅವಳು ಹೌದೆಂದು ತಲೆಯಾಡಿಸಿದಳು.

"ನಾ ಏನಂದೆ?"

"ಹೂಂ ಅಂದ್ರಿ."

ಕರಬಸಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು, ಮುಖ ಮುಚ್ಚಿಕೊಂಡರೆ ಅವನಿಗೆ ಮಾತು ಹೇಗೆ ತಿಳಿಯಬೇಕು? ಮೋಟೆಬೆನ್ನೂರಿನವರು ಏನೂ ಅರ್ಥವಾಗದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅತ್ತೆ ಇನ್ನೂ ಬಯ್ಯುತ್ತಲೇ ಇದ್ದಳು. ನೀಲಗಂಗವ್ವ ಸೆರಗು ಹೊದ್ದುಕೊಳ್ಳಲಿಲ್ಲ. ಅಣ್ಣ ಏನು ಕೇಳಿದ್ದನೋ ಅದನ್ನು ಗಂಡನಿಗೆ ಮೊದಲಿನಿಂದ ಹೇಳತೊಡಗಿದಳು.